ಎಂಟನೇ ನಂಬರಿನ ನಲವತ್ತು ಗೋಲು

ಗುರುದೇವಿ ಸುರಪುರದ ಮೈದಾನದಲ್ಲಿ ಒದ್ದ ಚೆಂಡು ಹಾರಿ ಹೋಗಿ ಶಹಾಪುರದ ಬೆಟ್ಟಕ್ಕೆ ಬಡಿಯಿತು. ಅಲ್ಲಿ ಕಲ್ಲಾಗಿ ಮಲಗಿರುವ ಬುದ್ಧ ನಿದ್ದೆಗಣ್ಣಲ್ಲೇ ಮಗ್ಗುಲು ಬದಲಿಸಿದ. ಸುಳ್ಳು ಎನ್ನುವವರು ಹೋಗಿ ನೋಡಬಹುದು, ಮೂಗು ಈಗಲೂ ತುಸು ವಾರೆಯಾಗಿದೆ.

ಅಂಥ ಕಾಲಿನ ಹುಡುಗಿ ಒಂದು ಸಂಜೆ ಶಹಾಪುರದ ಟೂರ್ನಮೆಂಟಿನಲ್ಲಿ ಪಂದ್ಯ ಮುಗಿದದ್ದೇ ನೇರ ಮೈಕಿನ ಟೇಬಲ್ಲಿಗೆ ಬಂದು ನಿಂತಳು. ಮೈದಾನದ ಸುತ್ತ ಇದ್ದ ಎರಡು ಲಕ್ಷ ಜನ ಉಸಿರು ಬಿಗಿಹಿಡಿದರು.

"ಮೈಕಿನವ್ರ, ಗೋಲ್ ಹೊಡದಾಕಿ ಹೆಸರು ಆರು ಸಲ ಕೂಗಿದ್ರಿ. ಚೆಂಡು ಕೊಟ್ಟಾಕಿ ಹೆಸರು?"

ಕಾಮೆಂಟರಿ ಹೇಳುತ್ತಿದ್ದವನು ಮೌನಪ್ಪ. ಹೆಸರಷ್ಟೇ ಮೌನ, ಬಾಯಿಗೆ ಒಂದು ದಿನವೂ ರಜೆ ಕೊಟ್ಟವನಲ್ಲ.

"ಚೆಂಡು ಕೊಟ್ಟವರ ಹೆಸರು ಯಾರು ಕೇಳ್ತಾರ್ರಿ?"

"ನಾ ಕೇಳಾಕತ್ತೇನಿ."

ಎಂಟನೇ ನಂಬರಿನ ಅಂಗಿ, ಮೊಣಕಾಲಿಗೆ ಮೆತ್ತಿದ ಕೆಂಪು ಮಣ್ಣು, ರೆಪ್ಪೆ ಬಡಿಯದ ಎರಡು ಕಣ್ಣು... ಮೌನಪ್ಪನ ಬಾಯಿ ಹುಟ್ಟಿದ ಮೇಲೆ ಮೊದಲ ಸಲ ಮುಚ್ಚಿತು.

"ನಿಮ್ಮ ಹೆಸರೇನ್ರಿ?" ಎಂದ ಕೊನೆಗೆ.

"ಮೈಕಿನ್ಯಾಗ ಹೇಳೂದಿದ್ರ ಹೇಳ್ತೀನಿ."

ಹೇಳಿದ. ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯ ಗುರುದೇವಿ ಎಂಬ ಹೆಸರು ನಾಲ್ಕು ಧ್ವನಿವರ್ಧಕಗಳಲ್ಲಿ ಮೊಳಗಿತು. ಇಡೀ ಪಂದ್ಯ ಓಡಿದರೂ ಏರದಿದ್ದ ಉಸಿರು ಆಗ ಅವಳಿಗೆ ಏರಿತು.

'ಎದಿ ಯಾಕ ಹಿಂಗ ಬಡಕೊಳ್ಳಾಕತ್ತದ...'

ಗುರುದೇವಿ ಆಡುತ್ತಿದ್ದದ್ದು ಮೈದಾನದ ನಡುವೆ. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಮುಟ್ಟಿಸುವ ಕೆಲಸ. ಅದನ್ನು ಅವಳು ಕಲಿತದ್ದು ಸುರಪುರದ ಬಸ್ ಸ್ಟ್ಯಾಂಡಿನಲ್ಲಿ, ಅವ್ವ ಬಸ್ಸಮ್ಮನ ಮಿರ್ಚಿ ಬಂಡಿಯ ಹತ್ತಿರ. ಬಸ್ಸು ಬಂದು ಜನ ನುಗ್ಗಿದಾಗ ಕೈಯಲ್ಲಿ ನಾಲ್ಕು ಪ್ಲೇಟು ಹಿಡಿದು ಅವರ ನಡುವೆ ನುಸುಳಬೇಕು. ಈಗ ಖಾಲಿ ಇರುವ ಜಾಗ ನೋಡಿದರೆ ಪ್ಲೇಟು ಬೀಳುತ್ತದೆ. ಇನ್ನೊಂದು ಕ್ಷಣಕ್ಕೆ ಖಾಲಿಯಾಗುವ ಜಾಗ ನೋಡಬೇಕು.

ಆ ಕಣ್ಣನ್ನು ಯಾರೂ ಗಮನಿಸಿರಲಿಲ್ಲ. ಗೋಲು ಬಿದ್ದಾಗ ಜನ ಗೋಲು ಹೊಡೆದವಳನ್ನೇ ಹೊತ್ತು ಕುಣಿಯುತ್ತಿದ್ದರು.

ಮೌನಪ್ಪ ಗಮನಿಸಿದ. ಪ್ರತಿ ರವಿವಾರ ಶಹಾಪುರದಿಂದ ಬಸ್ಸು ಹತ್ತಿ ಬಂದು, ಅವಳ ಒಂದೊಂದು ಪಾಸನ್ನೂ ಮೊಬೈಲಿನಲ್ಲಿ ಹಿಡಿದು, ಆಮೇಲೆ ಬಂಡಿಯ ಮುಂದೆ ನಿಂತು ಮುನ್ನೂರು ಮಿರ್ಚಿ ತಿನ್ನುತ್ತಿದ್ದ.

"ತಮ್ಮಾ, ನೀ ಆಟ ನೋಡಾಕ ಬರ್ತಿಯೋ, ಮಿರ್ಚಿ ತಿನ್ನಾಕೋ?" ಬಸ್ಸಮ್ಮ ಕೇಳಿದಳು.

"ಎರಡಕ್ಕೂ ಅಲ್ರಿ ಅತ್ತಿ."

ಬಸ್ಸಮ್ಮನ ಜಾಲರಿ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿತು. ಗುರುದೇವಿ ಮುಖ ತಿರುಗಿಸಿಕೊಂಡು, ಮೆಣಸಿನಕಾಯಿ ಘಾಟು ಎಂದಳು.

ಆ ವರ್ಷವೇ ಬೆಂಗಳೂರಿನ ಒಂದು ಮಹಿಳಾ ಕ್ಲಬ್ಬು ಮೂರು ದಿನದ ಟ್ರಯಲ್‌ಗೆ ಕರೆಯಿತು. ಪಾಸಾದರೆ ಕ್ಲಬ್ಬಿನ ಒಪ್ಪಂದ, ಆಟವೇ ಜೀವನ. ಇಲ್ಲದಿದ್ದರೆ ಮತ್ತೆ ಪ್ಲೇಟು. ಫಾರಂ ತುಂಬಿ ಕಳಿಸಿದವನು ಮೌನಪ್ಪ.

ಮೊದಲ ದಿನವೇ ಕೋಚ್ ಮೇಡಂ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ಒಂದು ಸೀಸನ್ನಿಗೆ ನಲವತ್ತು ಗೋಲು ಹೊಡೆದವಳು ನೀನೇನಾ? ಸರಿ, ಮುಂದೆ ಆಡು."

ಗುರುದೇವಿಗೆ ಅರ್ಥವಾಗಲಿಲ್ಲ. ಎದುರು ಮಾತಾಡುವ ಧೈರ್ಯವೂ ಆಗಲಿಲ್ಲ. ಎರಡು ದಿನ ಮುಂದೆ ನಿಂತಳು. ಯಾರೋ ಕೊಡುವ ಚೆಂಡಿಗೆ ಕಾಯುವುದು ಅವಳಿಗೆ ಗೊತ್ತೇ ಇರಲಿಲ್ಲ. ಒಂಬತ್ತು ಸಲ ಒದ್ದಳು, ಒಂಬತ್ತೂ ಹೊರಗೆ ಹೋದವು. ಉಳಿದ ಹುಡುಗಿಯರು ತಮ್ಮತಮ್ಮಲ್ಲೇ ನಗುವುದು ಕೇಳಿಸಿತು.

ಎರಡನೇ ದಿನ ಸಂಜೆ ಫೋನು ಮಾಡಿದಳು.

"ಫಾರಂನ್ಯಾಗ ಏನ್ ಬರದೀ?"

"ನಲವತ್ತು ಗೋಲು ಅಂತ... ದೊಡ್ಡ ಊರು, ದೊಡ್ಡದು ಹೇಳಿದ್ರ ಕೇಳ್ತಾರ ಅಂತ..."

"ಹುಟ್ಟಿದಾಗಿಂದ ನಾ ಹೊಡದದ್ದು ಮೂರು. ಅದರಾಗ ಒಂದು ನಮ್ಮ ಗೋಲಿಗೇ."

"ಗುರು..."

"ನಾ ಏನ್ ಮಾಡ್ತೀನೋ, ಅದು ನಿನಗ ಸಾಲಲಿಲ್ಲೇನು, ಮೌನಪ್ಪ?"

ಫೋನು ಇಟ್ಟಳು. 'ಎಲ್ಲಾರೂ ಗೋಲು ನೋಡ್ತಾರ, ಇವ ಒಬ್ಬ ನನ್ನ ನೋಡ್ಯಾನ ಅಂತ ತಿಳಕೊಂಡಿದ್ದೆ...' ಅಳು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತೇನೋ.

ಇತ್ತ ಮೌನಪ್ಪ ಸುಮ್ಮನಿರುವವನೇ? ಶಹಾಪುರದಿಂದ ಯಾದಗಿರಿಗೆ ಅವನು ಹತ್ತಿದ ಬಸ್ಸಿನ ಗಾಲಿ ನೆಲ ಮುಟ್ಟಲಿಲ್ಲ. ಸ್ಟೇಷನ್ನಿನಲ್ಲಿ ನಿಂತಿದ್ದ ರೈಲಿಗೆ ಅವಸರ ಸಾಲದೆಂದು ಹಿಂದಿನಿಂದ ತಾನೇ ತಳ್ಳಿದ. ಮರುದಿನ ಬೆಳಿಗ್ಗೆ ಕ್ಲಬ್ಬಿನ ಗೇಟು ಮುರಿದು, ಏಳು ಜನ ವಾಚ್‌ಮನ್‌ಗಳನ್ನು ಬದಿಗೆ ಸರಿಸಿ, ಮೈದಾನದ ನಟ್ಟನಡುವೆ ನಿಂತು ಗುಡುಗಿದ:

"ಮೇಡಂ, ತಪ್ಪು ನಂದು! ಈಕಿ ಗೋಲು ಹೊಡಿಯಾಕಿ ಅಲ್ಲ, ಹೊಡಸಾಕಿ. ನಡುವ ನಿಂದರಸ್ರಿ!"

ಮೇಡಂ ಕಣ್ಣೀರು ಒರೆಸಿಕೊಂಡರು. ಬೆಂಗಳೂರಿನ ವಾಹನಗಳೆಲ್ಲ ಗೌರವದಿಂದ ನಿಂತವು...

"ಸಾಕು, ನಿಂದರು."

ಹೀಗೆಂದವಳು ಗುರುದೇವಿ. ರಂಗಂಪೇಟೆಯ ಮನೆಯ ಕಟ್ಟೆಯ ಮೇಲೆ ಕೂತು, ಮೌನಪ್ಪನ ಮೊಬೈಲಿನಲ್ಲಿ ಈ ಕಥೆಯನ್ನು ಇಲ್ಲಿಯವರೆಗೆ ಓದಿದ್ದಳು. ಹೌದು ಓದುಗರೇ, ಸಿಕ್ಕಿಬಿದ್ದದ್ದಾಯಿತು. ಈ ಕಥೆ ಹೇಳುತ್ತಿರುವ ಬಾಯಿ ಮೌನಪ್ಪನದೇ.

ಟ್ರಯಲ್ ಆಗಿ ಮೂರು ವರ್ಷ. ಈಗ ಗುರುದೇವಿ ಆ ಕ್ಲಬ್ಬಿನ ಎಂಟನೇ ನಂಬರು, ಒಪ್ಪಂದ ಎರಡು ಸಲ ಮುಂದುವರಿದಿದೆ. ರಜೆಗೆ ಬಂದಾಗಲೆಲ್ಲ ಮೌನಪ್ಪ ಮದುವೆಯ ಮಾತು ಎತ್ತುತ್ತಾನೆ. ಅವಳು "ನೋಡೋಣು" ಎನ್ನುತ್ತಾಳೆ. ಕಥೆ ಓದಿಯಾದರೂ ಕರಗಲಿ ಎಂದು ಕೊಟ್ಟಿದ್ದ.

"ನೀ ಅವತ್ತು ಒಳಗ ಬಂದಿದ್ದಿಯೇನು?"

ಮೌನಪ್ಪ ಚಪ್ಪಲಿಯ ಕಡೆ ನೋಡಿದ.

"ಇಲ್ಲ. ಗೇಟಿನ ತನಕ ಬಂದಿದ್ದೆ. ಒಬ್ಬನ ಒಬ್ಬ ವಾಚ್‌ಮನ್ ಇದ್ದ, ಮುದುಕ. ಏನು ಕೆಲಸ ಅಂತ ಕೇಳಿದ. ಬಾಯಿಂದ ಮಾತ ಹೊರಡಲಿಲ್ಲ. ಎದುರಿನ ಕಟ್ಟಿ ಮ್ಯಾಲ ಮಧ್ಯಾಹ್ನದ ತನಕ ಕುಂತು ವಾಪಸ್ ಬಂದೆ."

"ಮತ್ತ ಮೇಡಮ್ಮಗ ಯಾರು ಹೇಳಿದ್ರು?"

"ನೀನ ಹೇಳಿರಬೇಕು."

"ಹೌದು, ನಾನ ಹೇಳಿದೆ. ಫಾರಂ ಸುಳ್ಳದ್ರಿ, ನನ್ನ ಜಾಗ ನಡುವ ಅಂದೆ." ಅವಳ ದನಿ ಸಣ್ಣದಾಯಿತು. "ಯಾಕ ಧೈರ್ಯ ಬಂತು, ಕೇಳಂಗಿಲ್ಲೇನು?"

"ಯಾಕ?"

"ಮೈದಾನದ ಜಾಲರಿ ಆಚೆ ನೀ ಕುಂತದ್ದು ಕಂಡಿತ್ತು. ಬಾಯಿ ಮುಚ್ಚಿಕೊಂಡು ಕುಂತಿದ್ದಿ. ಈ ಬಾಯಿ ಮುಚ್ಚಬೇಕಾದ್ರ ಒಳಗ ಎಷ್ಟು ಸಂಕಟ ಆಗಿರಬೇಕು ಅನಿಸ್ತು..."

ಮೌನಪ್ಪನ ಕಣ್ಣು ತುಂಬಿತು. ಎರಡೇ ಹನಿ, ಹೆಚ್ಚು ಹೇಳುವುದಿಲ್ಲ.

"ನೋಡಿದ್ದಿ ಅಂತ ಮೂರು ವರ್ಷ ಹೇಳಲೇ ಇಲ್ಲ ನೀ?"

"ನೀನ ಹೇಳ್ತಿ ಅಂತ ಕಾಯ್ದೆ."

ಮೌನಪ್ಪ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

"ಹಂಗಾದ್ರ ಕಥಿ ಪೂರಾ ತಿದ್ದಲೇನು?" ಮೌನಪ್ಪ ಕೇಳಿದ. "ಅವತ್ತು ಶಹಾಪುರದಾಗ ಇದ್ದವರು ಇನ್ನೂರು ಮಂದಿ. ನಾ ತಿಂತಿದ್ದ ಮಿರ್ಚಿ ಮೂರು. ಸುರಪುರದಾಗ ನೀ ಒದ್ದ ಚೆಂಡು ಹೋಗಿ ಬಡದದ್ದು ಮೈದಾನದ ಬಾಜೂಕ ಚಾ ಮಾರೂ ಖಾಜಾಮಿಯಾನ ಕಿಟ್ಲಿಗೆ."

"ಗೇಟಿಂದು ತಿದ್ದು. ಬುದ್ಧಂದು ಇರಲಿ, ಛಲೋ ಅದ."

ಮೊಬೈಲನ್ನು ಅವನ ಕೈಗಿಟ್ಟಳು. ಕೈ ಮಾತ್ರ ಹಿಂತೆಗೆಯಲಿಲ್ಲ. ಮುಖ ಬಾಗಿಲ ಕಡೆ ತಿರುಗಿಸಿ ಕೂಗಿದಳು:

"ಅವ್ವಾ, ಚಾ ಇಡು. ನಿನ್ನ ಅಳಿಯಾ ಇವತ್ತು ಖರೇ ಮಾತಾಡ್ಯಾನ."