ಭುವನಾಳ ಎರಡೆರಡು ಊಟ

ಅಂಬಿಕಾ ಫ್ಯಾಮಿಲಿ ಕೋರ್ಟಿನ ಸಮಾಲೋಚನೆ ಕೋಣೆಯ ಬಾಗಿಲು ತೆರೆದರೆ, ಎದುರಿಗೆ ಕೂತಿದ್ದವನು ಮೌನೇಶ. ಅವಳ ಗಂಡ!

ಎಂಟು ತಿಂಗಳಿಂದ ಇಬ್ಬರೂ ವಕೀಲರ ಬಾಯಿಂದಲೇ ಮಾತಾಡಿದ್ದರು. ಆದರೂ ಅವನು ಸೊರಗಿದ್ದಾನೆಂದು ಅವಳ ಕಣ್ಣಿಗೆ ಕಂಡೇಬಿಟ್ಟಿತು... ಹಾಳು ಕಣ್ಣು!

ಜಗಳ ಹುಟ್ಟಿದ್ದು ಅವಳ ನೌಕರಿಯಿಂದ. ಕಮಲಾಪುರದ ಬಾಳೆತೋಟದ ಮನೆಯಿಂದ ಕಲಬುರಗಿಯ ಕ್ಲಿನಿಕ್ಕಿಗೆ ಅವಳು ಹೋಗುವುದು ಅವನಿಗೆ ಬೇಡವಾಗಿತ್ತು. ಅವಳು ಮಗಳೊಂದಿಗೆ ಜೇವರ್ಗಿ ಕಾಲೋನಿಯ ತವರಿಗೆ ಬಂದಳು. ಅವನು ಮಗಳು ನನಗೇ ಬೇಕೆಂದು ಕೇಸು ಹಾಕಿದ. ಆರು ವರ್ಷದ ಭುವನೇಶ್ವರಿ ವಾರವೆಲ್ಲ ತಾಯಿಯ ಹತ್ತಿರ, ಶನಿವಾರ-ರವಿವಾರ ತಂದೆಯ ಹತ್ತಿರ ಇರಲೆಂದು ಕೋರ್ಟು ಸದ್ಯಕ್ಕೆ ಹೇಳಿತ್ತು.

ಆದರೆ ಎರಡು ತಿಂಗಳಿಂದ ಮಗುವಿಗೆ ಶನಿವಾರ ಬಂದರೆ ವಾಂತಿ, ರವಿವಾರ ಸಂಜೆಯಾದರೆ ವಾಂತಿ. ಅಲ್ಲಿ ಹಳಸಿದ್ದು ಹಾಕುತ್ತಾರೆಂದು ಅವಳು, ಇಲ್ಲಿ ಉಪವಾಸ ಕೆಡವುತ್ತಾಳೆಂದು ಅವನು ಅರ್ಜಿ ಮೇಲೆ ಅರ್ಜಿ ಕೊಟ್ಟರು. ನ್ಯಾಯಾಧೀಶರಿಗೆ ಸಾಕಾಗಿಹೋಯಿತು. ಮಕ್ಕಳ ಕಲ್ಯಾಣ ಅಧಿಕಾರಿ ವಿಚಾರಿಸಲಿ, ಇಬ್ಬರಿಂದಲೂ ತೊಂದರೆಯಾದರೆ ತೀರ್ಪಿನವರೆಗೆ ಮಗು ಸರಕಾರದ ಪಾಲನಾ ಕೇಂದ್ರದಲ್ಲಿರಲಿ ಎಂದರು.

ಅಧಿಕಾರಿ ಅಫ್ಶೀನ್ ಎರಡೂ ಮನೆಗೆ ಹೋಗಿ, ಮಗುವನ್ನೂ ಮಾತಾಡಿಸಿ ಬಂದಿದ್ದರು. ಶನಿವಾರ ಮುಂಜಾನೆ ಏನು ಕೊಟ್ಟು ಕಳಿಸುತ್ತೀರೆಂದು ಅಂಬಿಕಾಳನ್ನು ಕೇಳಿದರು.

ಎರಡು ರೊಟ್ಟಿ, ಅನ್ನ, ಮೊಸರು. ಹಸಿದು ಬಂದಳೆಂದು ಕಮಲಾಪುರದವರು ಆಡಿಕೊಳ್ಳಬಾರದಲ್ಲ ಎಂದಳು ಅವಳು, ತಲೆಯೆತ್ತಿಯೇ.

ಮೌನೇಶನೂ ಕಡಿಮೆಯಿಲ್ಲ. ತಾಯಿಗೆ ನೌಕರಿಯ ಗಡಿಬಿಡಿ, ಏನು ತಿನ್ನಿಸಿರುತ್ತಾಳೆ ಎಂದು ಮಗಳು ಬಂದ ಕೂಡಲೇ ಹೋಳಿಗೆ, ತುಪ್ಪ, ಎರಡು ಬಾಳೆಹಣ್ಣು ಕೊಡುತ್ತಿದ್ದ. ರವಿವಾರ ಹೊಟ್ಟೆ ತುಂಬಿಸಿಯೇ ಕಳಿಸುತ್ತಿದ್ದ. ಇತ್ತ ಅಂಬಿಕಾ ತಾಟು ಬಡಿಸಿಕೊಂಡು ಕಾಯುತ್ತಿದ್ದಳು.

ಅಫ್ಶೀನ್ ಫೈಲು ಮುಚ್ಚಿದರು. "ಒಂದೇ ಹೊಟ್ಟಿಗಿ ಎರಡೆರಡು ಊಟ, ಅದಕ್ಕ ವಾಂತಿ. ಹೊಟ್ಟಿ ತುಂಬ್ಯಾದ ಅಂತ ಯಾಕ ಹೇಳಲಿಲ್ಲವ್ವ ಅಂತ ಕೇಳ್ದೆ. ಹಂಗಂದ್ರ ಮಮ್ಮಿ ಅಳ್ತಾಳ, ಪಪ್ಪಾ ಸಿಟ್ಟಾಗ್ತಾರ ಅಂತು ನಿಮ್ಮ ಕೂಸು."

ಅಯ್ಯೋ... ಇಷ್ಟು ಪುಟ್ಟ ಮಗು ನಮ್ಮಿಬ್ಬರನ್ನೂ ಸಂಭಾಳಿಸುತ್ತಿತ್ತಲ್ಲ! ಆದರೆ ಈಗ ಅತ್ತು ಕೂರುವ ಹೊತ್ತಲ್ಲ ಎಂದುಕೊಂಡಳು ಅಂಬಿಕಾ.

"ನನ್ನ ಮಗಳು ಯಾವ ಕೇಂದ್ರಕ್ಕೂ ಹೋಗಂಗಿಲ್ಲ ಮೇಡಂ," ಎಂದವಳೇ ಗಂಡನತ್ತ ತಿರುಗಿದಳು. "ನಾ ಕಮಲಾಪುರಕ್ಕ ಬರ್ತೀನಿ. ನೌಕರಿ ಬಿಡಂಗಿಲ್ಲ, ದಿನಾ ಬಸ್ಸಿಗೆ ಹೋಗಿ ಬರ್ತೀನಿ. ಒಪ್ಪಿಗಿ ಇದ್ರ ಈಗ ಹೇಳ್ರಿ."

ಮೌನೇಶ ಹೂಂ ಎಂದು ತಲೆಯಾಡಿಸಿದ.

"ನೌಕರಿ ಸಿಕ್ರ ನಾ ನಿನಗ ಬ್ಯಾಡಾಗ್ತೀನಿ ಅಂತ ಅಂಜಿದ್ದೆ, ಅಂಬಿಕಾ. ಅದನ್ನ ಹೇಳಾಕ ಬಾಯಿ ಬರಲಿಲ್ಲ. ಕೇಸ್ ಹಾಕ್ದೆ."

ಎಂಥ ಗಂಡಸಪ್ಪ ಇವನು! ಈ ಒಂದು ಮಾತಿಗೆ ಎಂಟು ತಿಂಗಳೇ? ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು.

"ನಿಮ್ಮನ್ನ ಮರೀಬೇಕಂತ ಭಾಳ ನೋಡಿದೆ," ಎಂದಳು. "ಆಗ್ಲಿಲ್ಲ ರೀ."

ಅಫ್ಶೀನ್ ಅವರ ವರದಿ ಓದಿದ ನ್ಯಾಯಾಧೀಶರು ಒಂದು ತಿಂಗಳು ಮೂವರೂ ಒಂದೇ ಮನೆಯಲ್ಲಿರಲಿ, ಅಧಿಕಾರಿ ಬಂದು ನೋಡುತ್ತಿರಲಿ ಎಂದರು.

ಅಂದು ಸಂಜೆ ಕಮಲಾಪುರದಲ್ಲಿ ಭುವನಾ ಅರ್ಧ ರೊಟ್ಟಿ ತಿಂದು ತಾಟು ಸರಿಸಿದಳು. ಇಬ್ಬರ ಮುಖವನ್ನೂ ಹೆದರುತ್ತಲೇ ನೋಡಿ, ಸಾಕು ಎಂದಳು. ಯಾರೂ ಅಳಲಿಲ್ಲ, ಯಾರಿಗೂ ಸಿಟ್ಟು ಬರಲಿಲ್ಲ. ಅವಳು ಕೈ ತೊಳೆದು ಅಂಗಳಕ್ಕೆ ಓಡಿದಳು.

ಅಂಬಿಕಾ ರೊಟ್ಟಿ ಬುಟ್ಟಿ ಎಳೆದುಕೊಂಡಳು. "ನೀವು ಉಣ್ರಿ, ಬಡಸ್ತೀನಿ."

"ನೀನೂ ಕೂಡು," ಎಂದ ಮೌನೇಶ. "ಒಬ್ಬನೇ ಉಂಡು ಸಾಕಾಗ್ಯದ."