ಕಲ್ಲು ಇಳಿಬಿಡದ ಹಗ್ಗ

೧೯೩೯ನೇ ಇಸವಿ ಮಾರ್ಚ್ ೧೫, ಬುಧವಾರ, ಬೆಳಿಗ್ಗೆ ಒಂಬತ್ತೂವರೆ. ಮಳವಳ್ಳಿ ಠಾಣೆಗೆ ರೇವಮ್ಮ ಬಂದಾಗ ಪೇದೆಗಳು ಎರಡು ಹೆಜ್ಜೆ ಹಿಂದೆ ಸರಿದರು. ಸೂತಕದ ಹೆಂಗಸು ಮನೆಯ ಹೊಸ್ತಿಲು ದಾಟುವುದೇ ಅಪರೂಪ, ಈಕೆ ಠಾಣೆಯ ಹೊಸ್ತಿಲನ್ನೇ ದಾಟಿದ್ದಳು. ಭಾನುವಾರ, ಕರೆಂಟು ಕಾರ್ಖಾನೆಯಿದ್ದ ಬ್ಲಫ್‌ನ ಪಕ್ಕದ ಬಂಡೆಯಿಂದ ಹಗ್ಗ ಹಿಡಿದು ಇಳಿಯುವಾಗ ಬಿದ್ದು ಸತ್ತ ಲೈನ್‌ಮನ್ ಸಿದ್ದರಾಮು ಅವಳ ಗಂಡ.

"ನಂದೊಂದು ದೂರು ಬರ್ಕಳಿ ಸ್ವಾಮಿ."

"ಯಾರ ಮೇಲಮ್ಮ?" ಸಬ್ ಇನ್ಸ್‌ಪೆಕ್ಟರ್ ಹುಚ್ಚೀರಯ್ಯ ಕೇಳಿದ.

"ಗೊತ್ತಿಲ್ಲ. ಬೆಟ್ಟಕ್ಕೊಯ್ಯೋ ಸಾಮಾನೆಲ್ಲಾನೂ ಅಗುರ ಮಾಡಕ್ಕೋಗಿ ಅಗ್ಗಾನೂ ಸವೆಸ್ಕಂಡು ಸತ್ತ ಅಂತ ಊರೆಲ್ಲಾ ಆಡ್ಕತಾವ್ರೆ. ಅವ್ರು ಅಗ್ಗ ಮುಟ್ಟಿಲ್ಲ. ತನ್ನ ಸಾವ ತಾನೇ ತಂದ್ಕಂಡ ಅನ್ನೋ ಮಾತು ನನ್ನ ಮಕ್ಳ ಕಿವೀಗೆ ಬೀಳ್ಬಾರ್ದು."

ಹುಚ್ಚೀರಯ್ಯನಿಗೆ ಮುಖ ಎತ್ತಲಾಗಲಿಲ್ಲ. ಭಾನುವಾರದ ಪಂಚನಾಮೆಯಲ್ಲಿ 'ಹಗ್ಗ ತುಂಡಾಗಿ ಆಕಸ್ಮಿಕ ಮರಣ' ಎಂದು ಬರೆಸಿ ಕೈತೊಳೆದುಕೊಂಡಿದ್ದವನು ಅವನೇ. ಊಟದ ಹೊತ್ತು ಮೀರುತ್ತಿದೆ ಎಂಬ ಅವಸರ ಬೇರೆ ಇತ್ತು. ಆ ಅವಸರ ಈಗ ಅವನಿಗೆ ನಾಚಿಕೆ ತಂದಿತು.

ಹನ್ನೊಂದು ಗಂಟೆಗೆ ಅವನು ಪೇದೆ ಪುಟ್ಟಮಾದಯ್ಯನನ್ನು ಕರೆದುಕೊಂಡು ಬ್ಲಫ್‌ನ ಲೈನ್‌ಮನ್ನರ ವಸತಿಗೆ ಹೋದ. ಅಲ್ಲಿನ ಬಿಳಿಯ ದೊರೆ ಎಂಜಿನಿಯರೊಬ್ಬ ಗಢವಾಲದ ಹಿಮದ ಬೆಟ್ಟ ಹತ್ತಲು ಹೊರಟಿದ್ದ. ಕರೆಂಟು ಕಂಬ ಹತ್ತಿ ಹತ್ತಿ ಎತ್ತರದ ಭಯವನ್ನೇ ಮರೆತಿದ್ದ ಸಿದ್ದರಾಮು ಮತ್ತು ಅವನ ಗೆಳೆಯ ಚಲುವರಾಜುವನ್ನು ಜೊತೆಗೆ ಕರೆದಿದ್ದ. ಒಬ್ಬೊಬ್ಬನ ಹೊರೆ ಮೂವತ್ತು ರಾತ್ತಲು ಮೀರಕೂಡದು ಎಂದು ದೊರೆಯ ಕಟ್ಟಪ್ಪಣೆ. ಹೊರಡುವುದು ಮುಂದಿನ ಭಾನುವಾರವಿತ್ತು.

ಸಿದ್ದರಾಮು ಸಾಮಾನನ್ನೆಲ್ಲ ಗೋಡೆಯ ಪಕ್ಕ ಸಾಲಾಗಿ ಇಟ್ಟಿದ್ದ. ಕೋಟಿನ ಗುಂಡಿ ಕಿತ್ತು ದಾರ ಕಟ್ಟಿದ್ದ. ಚಮಚದ ಹಿಡಿಯನ್ನು ಅರ್ಧಕ್ಕೆ ಕೊಯ್ದಿದ್ದ. ಹಿಮ ಕಡಿಯುವ ಕೊಡಲಿಯ ಕಾವನ್ನು ಗೇಣುದ್ದ ಮೊಟಕು ಮಾಡಿದ್ದ. ಕ್ಯಾನ್ವಾಸು ಭಾರವೆಂದು ಕೋರಾ ಬಟ್ಟೆಗೆ ಮೇಣ ಸವರಿ ಹೆಂಡತಿಯ ಕೈಲಿ ಗುಡಾರ ಹೊಲಿಸಿದ್ದ. ಕಂಬಳಿಯ ಅಂಚನ್ನೂ ಬಿಟ್ಟಿರಲಿಲ್ಲ, ಪುಣ್ಯಾತ್ಮ! ಪ್ರತಿಯೊಂದರ ತೂಕವೂ ಒಂದು ನೋಟುಬುಕ್ಕಿನಲ್ಲಿತ್ತು. ಹಗ್ಗದ ಮುಂದೆ ಮಾತ್ರ ಹೀಗೆ ಬರೆದಿದ್ದ: 'ಕತ್ತಾಳೆ ನಾರು, ಕಿರುಗಾವಲಿನ ದೊಡ್ಡಯ್ಯ ಹೊಸೆದದ್ದು. ಇದರಲ್ಲಿ ಒಂದು ತೊಲವನ್ನೂ ಕಳೆಯಬಾರದು. ಇಬ್ಬರ ಜೀವ.'

ಹುಚ್ಚೀರಯ್ಯ ಅದನ್ನು ಎರಡು ಸಲ ಓದಿದ. ಮಧ್ಯಾಹ್ನ ಒಂದೂವರೆಗೆ ಠಾಣೆಗೆ ಮರಳಿ, ಜಪ್ತಿಯಾಗಿದ್ದ ಹಗ್ಗವನ್ನು ಪಂಚರ ಎದುರಿಗೆ ಬಿಚ್ಚಿಸಿದ. ತುಂಡಾದ ಕಡೆ ಪುಟ್ಟಮಾದಯ್ಯ ಎಳೆಗಳನ್ನು ಒಂದೊಂದಾಗಿ ಬಿಡಿಸಿದ.

"ಕುಯ್ದವ್ರಾ?"

"ಇಲ್ಲ ಸಾರ್. ಮ್ಯಾಲೆ ಒಸ ನಾರು, ಒಳಗೆ ಅಳೇದು. ಯಾವ್ದೋ ಬಾವಿ ಅಗ್ಗದ್ದು, ಕೊಳ್ತೋಗದೆ."

"ಎಷ್ಟುದ್ದ?"

"ಎಲ್ಡು ಮೊಳ. ಮಿಕ್ಕಿದ್ದೆಲ್ಲಾ ಸಂದಾಗದೆ. ಒಸೆಯೋವಾಗ್ಲೇ ಸೇರ್ಸಿರೋದು ಸಾರ್."

ಎರಡು ಗಂಟೆಗೆ ಎಫ್‌ಐಆರ್ ಬರೆದದ್ದಾಯಿತು. ಮೂರು ಮುಕ್ಕಾಲಿಗೆ ಇಬ್ಬರೂ ಕಿರುಗಾವಲಿನಲ್ಲಿದ್ದರು. ನೋಟುಬುಕ್ಕಿನ ದೊಡ್ಡಯ್ಯ ಬೇರೆ ಯಾರೂ ಅಲ್ಲ, ಚಲುವರಾಜುವಿನ ತಂದೆ ಕೆಂಪಸಿದ್ದಯ್ಯ. ಸುತ್ತಲ ಊರುಗಳ ಬಾವಿಗೆಲ್ಲ ಅವನದೇ ಹಗ್ಗ. ಹೊಸ ಹಗ್ಗಕ್ಕೆ ಒರಳುಕಲ್ಲು ಕಟ್ಟಿ, ಕೊಳ್ಳುವವನ ಕಣ್ಣೆದುರಿಗೆ ಬಾವಿಗೆ ಇಳಿಬಿಟ್ಟು ಮೇಲೆತ್ತಿ ತೋರಿಸದೆ ಅವನು ಯಾರಿಗೂ ಕೊಟ್ಟವನಲ್ಲ. ಅದು ಅವನ ಮನೆತನದ ಕಟ್ಟುಪಾಡು.

ಮುದುಕ ಜಗುಲಿಯ ಮೇಲೆ ಸುಮ್ಮನೆ ಕೂತಿದ್ದ. ಹುಚ್ಚೀರಯ್ಯ ಹಗ್ಗದ ತುಂಡನ್ನು ಎದುರಿಗಿಟ್ಟ. ಅವನು ಅದನ್ನು ಮುಟ್ಟಲಿಲ್ಲ.

"ಈ ಹಗ್ಗ ನಿಂದಾ?"

"ನಂದೇ."

"ಒಳಗೆ ಹಳೇ ನಾರು ಸೇರಿಸಿದ್ದು?"

"ನಾನೇ."

"ಸಿದ್ದರಾಮು ಮೇಲೆ ಏನು ದ್ವೇಷ?"

"ಅಯ್ಯೋ! ನನ್ನ ಮಗೀನಂಗಿದ್ದ ಸ್ವಾಮಿ. ನಾಕು ಮಕ್ಳಾಗೆ ಉಳ್ದೋನು ಚಲುವ ಒಬ್ನೇ. ಬ್ಯಾಡ ಕಣ್ಲಾ ಅಂದೆ, ಕೇಳ್ನಿಲ್ಲ. ಕಲ್ಲು ಇಳಿಬುಡೋವಾಗ ಅಗ್ಗ ಕಿತ್ಕಂಡು ಬಾವೀಗೆ ಬೀಳ್ಲಿ ಅಂತ ಅಂಗೆ ಮಾಡ್ದೆ. ಇನ್ನೊಂದು ಒಸೆಯಕ್ಕೆ ಅದಿನೈದು ದಿನ ಬೇಕು. ಅಷ್ಟೊತ್ಗೆ ದೊರೆ ಒಂಟೋಗಿರ್ತಾನೆ ಅಂತ."

"ಮತ್ತೆ ಕಲ್ಲು ಯಾಕೆ ಇಳಿಬಿಡಲಿಲ್ಲ?"

"ಗುರುವಾರ ಸಿದ್ದರಾಮು ಬಂದ. ಒರಳುಕಲ್ಲು ಉಳ್ಳಿಸ್ಕಂಡು ಬಾವಿತಾವ್ಕೆ ಓದೆ. ಅಷ್ಟ್ರಾಗೆ ಬಸ್ಸು ಬಂತು. 'ನೀ ಒಸ್ದ ಅಗ್ಗಕ್ಕೂ ಕಲ್ಲು ಯಾಕೆ ದೊಡ್ಡಯ್ಯ?' ಅಂತ ಕಾಲು ಮುಟ್ಟಿ ಎತ್ಕಂಡು ಓದ."

"ಕೂಗಿ ನಿಲ್ಲಿಸಬೇಕಾಗಿತ್ತು."

"ನಲವತ್ತು ವರ್ಸದಾಗೆ ಅಂಗಂದೋರು ಒಬ್ರೂ ಇರ್ನಿಲ್ಲ ಸ್ವಾಮಿ. ಅಂಥಾ ಮಾತ ಕೇಳ್ಕಂಡು, ಅಗ್ಗ ಕೊಳ್ತೋಗದೆ ಕಣಪ್ಪ ಅನ್ನಕ್ಕೆ ಬಾಯಿ ಬರ್ನಿಲ್ಲ. ಸೋಮವಾರ ಓಗಿ ಏಳಾನ ಅಂತಿದ್ದೆ. ಭಾನುವಾರವೇ ಅಭ್ಯಾಸಕ್ಕೆ ಅಂತ ಬಂಡೆ ಇಳ್ದವ್ನೆ, ಒಬ್ನೇ."

ಅಂದು ಚಲುವರಾಜುವಿಗೆ ಪಾಳಿಯ ಕೆಲಸವಿತ್ತು. ಇಲ್ಲದಿದ್ದರೆ ಆ ಹಗ್ಗದ ಕೊನೆಯಲ್ಲಿ ಅವನೂ ಇರುತ್ತಿದ್ದ. ಅದನ್ನು ಮುದುಕನಿಗೆ ಬಿಡಿಸಿ ಹೇಳುವ ಅಗತ್ಯ ಹುಚ್ಚೀರಯ್ಯನಿಗೆ ಕಾಣಲಿಲ್ಲ. ನಾಲ್ಕೂ ಹತ್ತಕ್ಕೆ ದಸ್ತಗಿರಿ ಮಾಡಿದ. ಕೈಗೆ ಬೇಡಿ ಹಾಕಲು ಪುಟ್ಟಮಾದಯ್ಯ ಹಿಂಜರಿದಾಗ ಮುದುಕನೇ ಎರಡೂ ಕೈ ಮುಂದೆ ಚಾಚಿದ. ಪಾಪ, ಕೊಲ್ಲುವ ಮನಸ್ಸು ಅವನಲ್ಲಿ ಒಂದು ಕ್ಷಣಕ್ಕೂ ಇರಲಿಲ್ಲ. ಮಗನನ್ನು ಉಳಿಸಿಕೊಳ್ಳುವ ಆಸೆ ಇತ್ತು, ಆಮೇಲೆ ಮಾನ ಕಳೆದುಕೊಳ್ಳುವ ಅಂಜಿಕೆ ಬಂತು. ಕಾನೂನಿಗೆ ಎರಡೂ ಲೆಕ್ಕಕ್ಕಿಲ್ಲ.

ಮರುದಿನ ಹುಚ್ಚೀರಯ್ಯ ತಾನೇ ಬ್ಲಫ್‌ಗೆ ಹೋಗಿ ರೇವಮ್ಮನ ಬಾಗಿಲಲ್ಲಿ ನಿಂತ. ಮೃತನ ತಪ್ಪು ಎಳ್ಳಷ್ಟೂ ಇಲ್ಲವೆಂದು ವರದಿಯಲ್ಲಿ ಬರೆದಿರುವುದಾಗಿ ಹೇಳಿ, ನಡೆದುದನ್ನೆಲ್ಲ ತಿಳಿಸಿದ. ಅವಳು ಕಂಬಕ್ಕೆ ಒರಗಿ ಕೊನೆಯವರೆಗೂ ಕೇಳಿದಳು.

"ಚಲುವಣ್ಣ ದೊರೆ ಜೊತೆ ಓಯ್ತಾನಾ ಸ್ವಾಮಿ?"

"ಇಲ್ಲಮ್ಮ. ಇನ್ನೆಲ್ಲಿಗೂ ಹೋಗಲ್ಲ ಅಂತ ಊರಿಗೆ ಹೊರಟುಹೋದ."

"ಅಂಗಾರೆ ದೊಡ್ಡಯ್ಯ ಅಂದ್ಕಂಡಿದ್ದು ಆಯ್ತು ಬುಡಿ," ಎಂದು ರೇವಮ್ಮ ಒಳಗೆ ಅಳುತ್ತಿದ್ದ ಮಗುವನ್ನು ಎತ್ತಿಕೊಳ್ಳಲು ಹೋದಳು.