ಜೀಪಿನ ಬ್ರೇಕಿಗೆ ಸೇರಿದ ಗಾಳಿ

ಹಾರ್ನ್ ಕೂಗಿದ್ದೇ ತಡ, ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಪಾತ್ರೆ ಜಾರಿ ಬಿತ್ತು.

ಮನೆಮಂದಿಯೆಲ್ಲ ಗುಬ್ಬಿ ಎಂದು ಕರೆಯುವ ಮಗಳು ಆಗಷ್ಟೇ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು. ಬರಿಗಾಲಲ್ಲೇ ಹಿತ್ತಲಿಗೆ ಓಡಿದಳು. ವರ್ಷಗಟ್ಟಲೆ ಮುಚ್ಚಿದ್ದ ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು. ಒಳಗಿನ ಕತ್ತಲಲ್ಲಿ ಅಪ್ಪನ ಜೀಪು. ಅದರ ಡ್ರೈವರ್ ಸೀಟಿನಲ್ಲಿ ಯಾರೋ ಗಂಡಸು ಸ್ಟಿಯರಿಂಗಿನ ಮೇಲೆ ತಲೆ ಬಗ್ಗಿಸಿ ಕೂತಿದ್ದ. ಹಾರ್ನ್ ಒಂದೇ ಸಮನೆ ಅರಚುತ್ತಿತ್ತು.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ, ಇದೇ ಶೆಡ್ಡಿನಲ್ಲಿ, ಇದನ್ನೇ ನೋಡಿದ್ದಳು. ಅಪ್ಪ ಗಾಡಿ ತಂದು ನಿಲ್ಲಿಸಿ, ಸ್ಟಿಯರಿಂಗಿಗೆ ತಲೆಯಾನಿಸಿದವರು ಮತ್ತೆ ಏಳಲಿಲ್ಲ. ಅವರ ಎದೆಬಡಿತ ನಿಂತಿತ್ತು, ಹಾರ್ನ್ ಮಾತ್ರ ನಿಂತಿರಲಿಲ್ಲ.

"ಇಳೀರಿ ಕೆಳಗೆ! ಇಳೀರಿ ಅಂದೆ!"

ಗಂಡಸು ತಲೆಯೆತ್ತಿದ. ಬದುಕಿದ್ದ. ಮೂಗಿನ ತುದಿಗೆ ಗ್ರೀಸು ಮೆತ್ತಿತ್ತು. "ನಾನು ಒತ್ತಲಿಲ್ಲ ರೀ, ಬ್ಯಾಟರಿ ಕೊಟ್ಟ ಕೂಡಲೇ ಅದೇ ಶುರುಮಾಡ್ತು. ವೈರೆಲ್ಲ ಇಲಿ ತಿಂದಿದೆ" ಎನ್ನುತ್ತ ಕೈಗೆ ಸಿಕ್ಕ ತಂತಿಯನ್ನು ಕಿತ್ತ. ಹಾರ್ನ್ ನಿಂತಿತು.

"ಆ ಸೀಟಲ್ಲಿ ಯಾರೂ ಕೂರಲ್ಲ."

"ಕೂರದೆ ರಿಪೇರಿ ಮಾಡೋದು ಹೇಗೆ? ಛಾವಣಿಗೆ ಜೋತುಬೀಳ್ಲಾ?"

ಅವಳಿಗೆ ಮೈಯೆಲ್ಲ ಉರಿಯಿತು. ಉರಿಯುತ್ತಲೇ ಅವನ ಕಣ್ಣು ನೋಡಿಬಿಟ್ಟಳು. ದಿನವಿಡೀ ಜನರ ಕಣ್ಣಿಗೆ ಗಾಜು ಹೊಂದಿಸುವವಳು, ಕಣ್ಣುಗಳ ವಿಷಯದಲ್ಲಿ ಅಷ್ಟು ಸುಲಭಕ್ಕೆ ಮರುಳಾಗುವವಳಲ್ಲ. ಆದರೆ ಈ ಕಣ್ಣುಗಳು ತಮಾಷೆ ಮಾಡಿದ ಮರುಕ್ಷಣವೇ ಅವಳ ಬಿಳಚಿಕೊಂಡ ಮುಖ ಕಂಡು ತಪ್ಪಾಯಿತೆಂದು ತಗ್ಗಿದ್ದವು.

"ಮೊದಲು ಮೂಗು ಒರೆಸ್ಕೊಳ್ಳಿ" ಎಂದು ಹೇಳಿ ತಿರುಗಿ ನಡೆದಳು. ಅವನು ಮುಂಗೈಯಿಂದ ಒರೆಸಿಕೊಂಡು ಗ್ರೀಸನ್ನು ಕೆನ್ನೆಯವರೆಗೂ ಹರಡಿಕೊಂಡದ್ದನ್ನು ಓರೆಗಣ್ಣಲ್ಲಿ ನೋಡದೆ ಇರಲಾಗಲಿಲ್ಲ.

ಅವನು ಅಣ್ಣನ ಗೆಳೆಯ, ಮೆಕ್ಯಾನಿಕ್. ಕರೆಸಿದವನು ಅಣ್ಣನೇ. ಫ್ಯಾಕ್ಟರಿಯಲ್ಲಿ ಶಿಫ್ಟು ನೋಡಿಕೊಳ್ಳುವ ಅಣ್ಣ ಹಿಡಿದ ಹಟ ಬಿಡುವವನಲ್ಲ. ಆ ಜೀಪು ಬರೀ ಕಬ್ಬಿಣ, ಅದನ್ನು ಓಡುವ ಹಾಗೆ ಮಾಡಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದರೆ ಅವಳ ಭಯ ಬಿಡುತ್ತದೆ ಎಂಬುದು ಅವನ ಲೆಕ್ಕ. ಅಮ್ಮನ ಲೆಕ್ಕವೇ ಬೇರೆ. "ಅದು ನಿಮ್ಮಪ್ಪನ್ನ ತಗೊಂಡ ಗಾಡಿ. ಇನ್ನೊಬ್ಬರಿಗೆ ಕಾಯ್ತಾ ಕೂತಿದೆ" ಎನ್ನುವಳು. ಹಾಗೆನ್ನುವಾಗ ದನಿ ಏರಿಸುತ್ತಿರಲಿಲ್ಲ. ಅದಕ್ಕೇ ಕೇಳಿದವರಿಗೆ ಹೆದರಿಕೆಯಾಗುತ್ತಿತ್ತು.

ಮೆಕ್ಯಾನಿಕ್ ದಿನಾ ಸಂಜೆ ಬರತೊಡಗಿದ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಪೆಟ್ರೋಲ್ ಟ್ಯಾಂಕಿನಿಂದ ಕೆಂಪಗೆ ತುಕ್ಕಿನ ನೀರು ಸುರಿಯಿತು. ಫೋರ್ ವೀಲ್‌ನ ಗಿಡ್ಡ ಗೇರ್ ಕೋಲು ಕಚ್ಚಿಕೊಂಡು ಅಲ್ಲಾಡದೆ ನಿಂತಿದ್ದನ್ನು ಎಣ್ಣೆ ಬಿಟ್ಟು, ಪೂಸಿ ಹೊಡೆದು ಸಡಿಲಿಸಿದ. ಹೌದು, ಗಾಡಿಗೆ ಪೂಸಿ ಹೊಡೆಯುತ್ತಿದ್ದ. "ಬಾರೇ ತಾಯಿ, ಬಾ, ನನ್ನ ಮರ್ಯಾದೆ ಉಳಿಸು" ಎನ್ನುವುದು ಗುಬ್ಬಿಗೆ ಕೇಳುತ್ತಿತ್ತು. ಚಹಾ ಕೊಡುವ ನೆಪದಲ್ಲಿ ಬಾಗಿಲವರೆಗೆ ಹೋಗುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ.

"ಒಳಗೆ ಬಂದ್ರೆ ಕಚ್ಚಲ್ಲ ಅದು."

"ಅದಲ್ಲ, ನೀವು ಕಚ್ಚಿದ್ರೆ?"

ಅವನು ನಕ್ಕ. ಎಷ್ಟು ನಕ್ಕನೆಂದರೆ ಲೋಟದ ಚಹಾ ತುಳುಕಿತು. ಆ ನಗುವನ್ನು ಅವಳು ಮಾರನೆಯ ದಿನ ಅಂಗಡಿಯಲ್ಲಿ ನೆನೆಸಿಕೊಂಡು, ಗಿರಾಕಿಯೊಬ್ಬರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಬೈಸಿಕೊಂಡಳು.

ಇಂಜಿನ್ನು ಮೊದಲ ಸಲ ಹತ್ತಿಕೊಂಡ ಸಂಜೆ ಅಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ ಕೂತಳು. ಇಂಜಿನ್ನು ಆರಿದ ಮೇಲೂ ಬಿಸಿ ಕಬ್ಬಿಣ ಟಿಕ್ ಟಿಕ್ ಎನ್ನುತ್ತಲೇ ಇತ್ತು. "ಕೇಳು, ಉಸಿರಾಡ್ತಿದೆ" ಎಂದಳು ಅಮ್ಮ. ಗುಬ್ಬಿ ನಗಲು ನೋಡಿದಳು, ಆಗಲಿಲ್ಲ.

ಇನ್ನುಳಿದದ್ದು ಬ್ರೇಕು. ಬ್ರೇಕಿನ ಕೊಳವೆಗಳಲ್ಲಿ ಎಣ್ಣೆಯ ಜೊತೆ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಕುಸಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹಿಂದಿನ ಸಣ್ಣ ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮುಂಚೆ ಮೇಲಿನವರು ಕಾಲೆತ್ತಿದರೆ ಹೋದ ಗಾಳಿ ವಾಪಸು ಒಳಗೆ. ಅಣ್ಣ ಶಿಫ್ಟಿನಲ್ಲಿ, ಅಮ್ಮ ಆ ಕಡೆ ಸುಳಿಯುವವಳಲ್ಲ. ಉಳಿದವಳು ಗುಬ್ಬಿ.

ಅಪ್ಪನ ಸೀಟು ಹತ್ತಿ ಕೂತವಳು ಸ್ಟಿಯರಿಂಗ್ ಮುಟ್ಟದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಸೀಟಿನ ನಡುವೆ ಅಪ್ಪನ ಮೈಯ ತಗ್ಗು ಇನ್ನೂ ಹಾಗೇ ಇತ್ತು.

"ಹೆದರಿಕೆ ಆದ್ರೆ ಮಾತಾಡ್ತಾ ಇರಿ. ನಾನು ಇಲ್ಲೇ ಇದೀನಿ" ಎಂದಿತು ಕೆಳಗಿನಿಂದ ಅವನ ದನಿ.

"ಎಲ್ಲಿ? ನಂಗೆ ಬರೀ ಶೂ ಕಾಣ್ತಿದೆ."

"ಶೂ ಚೆನ್ನಾಗಿದೆಯಾ?"

"ತೂತಾಗಿದೆ."

"ಸರಿ, ಒತ್ತಿ... ಹಿಡೀರಿ... ಹಿಡೀರಿ... ಹಾಂ, ಬಿಡಿ."

ಒತ್ತುವುದು, ಹಿಡಿಯುವುದು, ಬಿಡುವುದು. ಮುಖ ಕಾಣದ ಮಾತು ಎಷ್ಟು ಹತ್ತಿರ ಬರುತ್ತದೆಂದು ಅವಳಿಗೆ ಅಂದು ಗೊತ್ತಾಯಿತು. ಭಯ ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲೇ ಇನ್ನೇನೋ ಬಂದು ಕೂತಿತ್ತು.

"ಇದು ಮುಗಿದ ಮೇಲೆ ಮುಂದಿನ ಕೆಲಸ ಎಲ್ಲಿ?" ಎಂದು ಕೇಳಿದಳು.

ಅವನು ತಡೆದು ಹೇಳಿದ. "ಗಣಿ ಕಂಪನಿಯಲ್ಲಿ. ಲಾರಿ ಶೆಡ್ಡು. ದೂರ. ಯಾವಾಗ ಬರ್ತೀಯಾ ಅಂತ ಕೇಳ್ತಾನೇ ಇದಾರೆ. ನಿಮ್ಮಣ್ಣನಿಗೆ ಮಾತು ಕೊಟ್ಟಿದೀನಲ್ಲ, ಗಾಡಿ ಮುಗಿಸಿದ ದಿನವೇ ಹೊರಡೋದು... ಹಿಡೀರಿ."

ಅವಳು ಹಿಡಿಯಲಿಲ್ಲ. ಬಿಡಿ ಎನ್ನುವ ಮುಂಚೆಯೇ ಕಾಲು ಒಂದಿಷ್ಟೇ ಮೇಲೆತ್ತಿದಳು. ಬೇಕೆಂದೇ ಎತ್ತಿದಳು.

ಅಂದು ಪೆಡಲ್ ಮೆತ್ತಗೇ ಉಳಿಯಿತು. ಮರುದಿನವೂ ಅಷ್ಟೇ, ಅದರ ಮರುದಿನವೂ. "ವಿಚಿತ್ರ" ಎನ್ನುತ್ತಿದ್ದ ಅವನು. "ನಾಳೆ ಇನ್ನೊಂದು ಸಲ ನೋಡೋಣ." ನಾಳೆ ಎಂಬ ಆ ಒಂದು ಮಾತಿಗಾಗಿ ಅವಳು ದಿನವೆಲ್ಲ ಕಾಯುತ್ತಿದ್ದಳು. ಹಗಲು ಮನಸ್ಸು ಚುಚ್ಚುತ್ತಿತ್ತು, ಸಂಜೆ ಕಾಲು ತಾನಾಗಿ ಏಳುತ್ತಿತ್ತು.

ಅಮ್ಮನ ಮುಖ ಮಾತ್ರ ದಿನದಿನಕ್ಕೂ ಸಣ್ಣಗಾಯಿತು. "ಅಷ್ಟು ತಿಳಿದ ಹುಡುಗನ ಕೈಗೂ ಬಗ್ತಾ ಇಲ್ಲ ನೋಡು. ಅದಕ್ಕೆ ನಿಲ್ಲೋ ಮನಸ್ಸಿಲ್ಲ."

ಒಂದು ಶನಿವಾರ ಬೆಳಿಗ್ಗೆ ಅಮ್ಮ ಊಟ ಬಿಟ್ಟು ಹಾಸಿಗೆಯಲ್ಲೇ ಗೋಡೆ ನೋಡುತ್ತ ಮಲಗಿದ್ದನ್ನು ಕಂಡಾಗ ಗುಬ್ಬಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಅವನು ಹೋದರೆ ಹೋಗಲಿ, ಇವತ್ತಿಗೆ ಈ ಆಟ ಸಾಕು ಎಂದುಕೊಂಡಳು. ಅಂದು ಸಂಜೆ ಅವನು ಹೇಳಿದ ಹಾಗೆಯೇ ಒತ್ತಿದಳು, ಹಿಡಿದಳು, ಅವನು ಬಿಡಿ ಎಂದ ಮೇಲೆಯೇ ಬಿಟ್ಟಳು. ಒಂದು ಸಲವೂ ತಪ್ಪಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ಕೊನೆಯ ಸಲ ಪೆಡಲ್ ತುಳಿದಳು.

ಪೆಡಲ್ ನೆಲದವರೆಗೆ ಕುಸಿಯಿತು.

ಮತ್ತೆ ತುಳಿದಳು. ಮೆತ್ತಗೆ, ಯಾರೋ ಕೆಳಗಿನಿಂದ ಅವಳ ಪಾದವನ್ನು ಎಳೆದುಕೊಂಡ ಹಾಗೆ. ತಾನು ಇವತ್ತು ಗಾಳಿ ಒಳಗೆ ಬಿಟ್ಟಿಲ್ಲ. ಮತ್ತೆ ಯಾರು ಬಿಟ್ಟರು?

"ರೀ, ಇದು... ಇವತ್ತೂ ಮೆತ್ತಗಿದೆ."

ಅವನು ಹೊರಗೆ ತೆವಳಿಕೊಂಡು ಬಂದ. ಅವಳ ಮುಖ ನೋಡಲಿಲ್ಲ. "ನಾಳೆ ನೋಡೋಣ" ಎಂದು ಪಾನಾಗಳನ್ನು ಚೀಲಕ್ಕೆ ತುಂಬಿ, ಚಹಾ ಕೂಡ ಕುಡಿಯದೆ ಹೊರಟುಹೋದ. ಅವನೂ ಹೆದರಿದ್ದಾನೆ ಎಂದುಕೊಂಡಳು ಗುಬ್ಬಿ. ಶೆಡ್ಡಿನಲ್ಲಿ ಒಬ್ಬಳೇ ಒಂದು ಕ್ಷಣವೂ ನಿಲ್ಲಲಾರದೆ ಓಡಿ ಬಂದಳು.

ಭಾನುವಾರ ಬೆಳಿಗ್ಗೆ ಅವಳು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಇಂಜಿನ್ ಸದ್ದು ಕೇಳಿತು. ಮೆಕ್ಯಾನಿಕ್ ಬಂದಿರಬೇಕೆಂದು ಕೆಳಗೆ ಬಗ್ಗಿ ನೋಡಿದಳು. ಜೀಪು ಶೆಡ್ಡಿನಿಂದ ಹೊರಬಂದು ಗೇಟು ದಾಟುತ್ತಿತ್ತು. ಓಡಿಸುತ್ತಿದ್ದವನು ಅಣ್ಣ. ಪಕ್ಕದಲ್ಲಿ, ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ಅಮ್ಮ.

ಅಣ್ಣ ಶೆಡ್ಡಿನಲ್ಲಿ ಪೆಡಲನ್ನು ನಾಲ್ಕಾರು ಸಲ ದಬದಬ ತುಳಿದು ನೋಡಿದ್ದ. ಹಾಗೆ ತುಳಿದರೆ ಗಾಳಿ ತುಂಬಿದ ಬ್ರೇಕೂ ಒಂದು ಗಳಿಗೆ ಗಟ್ಟಿಯಾಗುತ್ತದೆ. ಗೆಳೆಯ ಸುಮ್ಮನೆ ಎಳೆದಾಡುತ್ತಿದ್ದಾನೆ ಎಂದುಕೊಂಡ. ಇನ್ನು ಅಮ್ಮನನ್ನು ಒಪ್ಪಿಸಿದ್ದು ಗುಬ್ಬಿಯ ಧೈರ್ಯವೇ. "ನನ್ನ ಮಗಳು ದಿನಾ ಅದರಲ್ಲಿ ಕೂತು ಬರ್ತಾಳೆ, ನಾನೇನು ಅವಳಿಗಿಂತ ಪುಕ್ಕಲಿಯಾ?" ಎಂದು ಕಣ್ಣು ಮುಚ್ಚಿ ಹತ್ತಿದ್ದಳು.

ಮನೆಯ ಮುಂದಿನ ರಸ್ತೆ ಇಳಿಜಾರು. ಇಳಿಜಾರಿನ ಕೊನೆಗೆ ಲಾರಿಗಳು ಬಿಡುವಿಲ್ಲದೆ ಓಡುವ ಹೆದ್ದಾರಿ.

"ಅಣ್ಣಾ, ನಿಲ್ಸು! ಬ್ರೇಕ್ ಇಲ್ಲ!"

ಕೇಳಲಿಲ್ಲ. ಮೆಟ್ಟಿಲಿಳಿದು, ಅಂಗಳ ದಾಟಿ, ಬೀದಿಗೆ ಬೀಳುವಷ್ಟರಲ್ಲಿ ಜೀಪು ವೇಗ ಹಿಡಿದಿತ್ತು. ಕೆಳಗಿನಿಂದ ಸ್ಕೂಟರಿನಲ್ಲಿ ಮೆಕ್ಯಾನಿಕ್ ಏರಿ ಬರುತ್ತಿದ್ದ. ಜೀಪು ನೋಡಿದವನೇ ಸ್ಕೂಟರನ್ನು ಬಿದ್ದಲ್ಲಿ ಬಿಟ್ಟು ಓಡಿದ. "ಬ್ರೇಕ್ ಇಲ್ಲ ಕಣೋ! ಗೋಡೆಗೆ ಒರೆಸು! ಗೋಡೆಗೆ!" ಎಂದು ಅವನೂ ಕೂಗುತ್ತಿದ್ದ. ಅಣ್ಣನ ಕಾಲು ಪೆಡಲ್ ತುಳಿಯುತ್ತಲೇ ಇತ್ತು, ಮುಖದಲ್ಲಿ ರಕ್ತವಿರಲಿಲ್ಲ. ಬಾಗಿಲಿಲ್ಲದ ಜೀಪಿಗೆ ಹೊರಗಿನಿಂದಲೇ ಜೋತುಬಿದ್ದು ಮೆಕ್ಯಾನಿಕ್ ಸ್ಟಿಯರಿಂಗ್ ಎಳೆದ. ಜೀಪು ಯಾರದೋ ಕಾಂಪೌಂಡ್ ಗೋಡೆಯನ್ನು ಕಿರ್ರೆಂದು ಉಜ್ಜಿಕೊಂಡು ಹೋಗಿ, ಚರಂಡಿಗೆ ಚಕ್ರ ಇಳಿಸಿ, ಹೆದ್ದಾರಿಗೆ ಇನ್ನೇನು ತಲುಪಿತು ಎನ್ನುವಲ್ಲಿ ನಿಂತಿತು.

ಗೋಡೆಯ ಕಡೆಗೆ ಕೂತಿದ್ದವಳು ಅಮ್ಮ. ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು, ಕಣ್ಣು ತೆರೆದಿರಲಿಲ್ಲ.

ಆಸ್ಪತ್ರೆಯ ಓಣಿಯಲ್ಲಿ ಉದ್ದನೆಯ ಬೆಂಚು. ಮೆಕ್ಯಾನಿಕ್ ಒಂದು ತುದಿ, ಗುಬ್ಬಿ ಇನ್ನೊಂದು ತುದಿ, ನಡುವೆ ಗಡಿಕಲ್ಲಿನ ಹಾಗೆ ಅಣ್ಣ. ಒಳಗೆ ಅಮ್ಮನಿಗೆ ಹೊಲಿಗೆ ಹಾಕುತ್ತಿದ್ದರು.

"ನಂದು ತಪ್ಪು" ಎಂದ ಮೆಕ್ಯಾನಿಕ್, ನೆಲ ನೋಡುತ್ತ. "ಹಿಂದಿನ ಎಡಗಡೆ ಚಕ್ರದ ಗಾಳಿ ನಾನು ತೆಗೆದೇ ಇಲ್ಲ. ಒಂದು ದಿನವೂ. ಸ್ಕ್ರೂ ಮುಟ್ಟಿದ ಹಾಗೆ ಮಾಡಿ ಸುಮ್ಮನೆ ಮಲಗಿರ್ತಿದ್ದೆ."

ಅಣ್ಣ ನಿಧಾನವಾಗಿ ತಿರುಗಿದ. "ಯಾಕೆ?"

"ತೆಗೆದುಬಿಟ್ರೆ ಹೊರಡಬೇಕಲ್ಲ."

ಗುಬ್ಬಿಯನ್ನು ರಾತ್ರಿಯಿಡೀ ಹೆದರಿಸಿದ್ದ ಭೂತ ಬೆಂಚಿನ ಆ ತುದಿಯಲ್ಲಿ ತೂತುಬಿದ್ದ ಶೂ ಹಾಕಿಕೊಂಡು ಕೂತಿತ್ತು. ಸಂತೋಷಪಡಬೇಕಾದ ಗಳಿಗೆ. ಆದರೆ ಒಳಗಿದ್ದದ್ದು ಅಮ್ಮ, ಅವಳಿಗೆ ಸಂತೋಷವಾಗಲಿಲ್ಲ.

"ಅವರೊಬ್ಬರದೇ ಅಲ್ಲ ಅಣ್ಣ" ಎಂದಳು. "ನಾನೂ ಕಾಲೆತ್ತುತ್ತಿದ್ದೆ. ಬೇಕಂತಲೇ. ನಿನ್ನೆ ಒಂದಿನ ಬಿಟ್ಟು ದಿನಾ."

ಮೆಕ್ಯಾನಿಕ್ ತಲೆಯೆತ್ತಿ ಅಣ್ಣನ ಭುಜದಾಚೆಗೆ ಅವಳನ್ನು ನೋಡಿದ. ಅವಳೂ ನೋಡಿದಳು. ಇಬ್ಬರ ಕಣ್ಣಲ್ಲೂ ಒಂದೇ ಹೆದರಿಕೆಯಿತ್ತು. ಒಬ್ಬರನ್ನೊಬ್ಬರು ಉಳಿಸಿಕೊಳ್ಳಲು ತಾವೇನು ಮಾಡಿಬಿಟ್ಟೆವು ಎಂಬ ಹೆದರಿಕೆ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೇಳೋದು ನನಗಲ್ಲ" ಎಂದು ಎದ್ದು ವಾರ್ಡಿನ ಬಾಗಿಲು ತೋರಿಸಿದ.

ಅಮ್ಮನ ತಲೆಗೆ ದಪ್ಪ ಬ್ಯಾಂಡೇಜು. ಕಣ್ಣು ತೆರೆದಿದ್ದಳು. ಮಂಚದ ಪಕ್ಕ ನಿಂತು ಗುಬ್ಬಿ ಎಲ್ಲವನ್ನೂ ಹೇಳಿದಳು, ಬಿಟ್ಟದ್ದನ್ನು ಅವನು ಸೇರಿಸಿದ. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

"ಹಾಗಾದ್ರೆ ಗಾಡಿ ಏನೂ ಮಾಡಲಿಲ್ಲ?"

"ಇಲ್ಲಮ್ಮ."

"ಅವತ್ತೂ ಏನೂ ಮಾಡಿರಲಿಲ್ಲ?"

"ಇಲ್ಲಮ್ಮ. ಅಪ್ಪನ ಹೃದಯ ನಿಂತಿತು, ಅಷ್ಟೇ."

ಅಮ್ಮ ಅತ್ತಳು. ಅಪ್ಪ ಹೋದ ದಿನವೂ ಅಳದವಳು ದಿಂಬು ಒದ್ದೆಯಾಗುವ ಹಾಗೆ ಅತ್ತಳು. ಅವಳ ಕೈಹಿಡಿದು ಗುಬ್ಬಿಯೂ ಅತ್ತಳು. ಕೊನೆಗೆ ಅಮ್ಮ ಕಣ್ಣೊರೆಸಿಕೊಂಡು, ಗೋಡೆಗೆ ಅಂಟಿಕೊಂಡು ನಿಂತಿದ್ದ ಮೆಕ್ಯಾನಿಕ್ ಕಡೆ ನೋಡಿದಳು.

"ಗಣಿ ಕೆಲಸಕ್ಕೆ ಹೋಗ್ತೀಯೇನಪ್ಪಾ?"

"ಇವಳು... ಇವರು ಏನಂತಾರೋ ಹಾಗೆ."

"ಕೇಳಿದ್ಯಾ ಅವಳನ್ನ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಕೇಳು. ಇನ್ನು ಮೇಲೆ ಯಾರಿಗೆ ಏನು ಬೇಕೋ ಬಾಯಿಬಿಟ್ಟು ಕೇಳಿ. ಇನ್ನೊಂದು ಸಲ ಗೋಡೆಗೆ ಹೊಡ್ಕೊಳ್ಳೋ ಶಕ್ತಿ ನನಗಿಲ್ಲ."

ಅವನು ಗುಬ್ಬಿಯ ಕಡೆ ತಿರುಗಿದ. ಎದುರಿಗೆ ಅಮ್ಮ, ಬಾಗಿಲಲ್ಲಿ ಕೈಕಟ್ಟಿ ನಿಂತ ಅಣ್ಣ, ಪಕ್ಕದ ಮಂಚದಲ್ಲಿ ಕಿವಿ ನಿಮಿರಿಸಿದ ಅಪರಿಚಿತ ಮುದುಕಿ. ಇದಕ್ಕಿಂತ ಕೆಟ್ಟ ಜಾಗ ಇರಲಿಲ್ಲ.

"ನಾನು ಇಲ್ಲೇ ಇರಲಾ?" ಎಂದು ಕೇಳಿದ.

"ಇರಿ" ಎಂದಳು ಗುಬ್ಬಿ.